ಬೆರಳಿಗೆ ತಕ್ಕ ಕೀಲಿಮಣೆ: ಎಸ್.ಪಿ. ರಸ್ತೆಯಲ್ಲೊಂದು ಶನಿವಾರ

ಮೆಜೆಸ್ಟಿಕ್‌ನಿಂದ ಮೆಟ್ರೋದ ಹಸಿರು ಮಾರ್ಗದಲ್ಲಿ ಒಂದೇ ಒಂದು ನಿಲ್ದಾಣ. ಚಿಕ್ಕಪೇಟೆಯಲ್ಲಿ ಇಳಿದು, ನೆಲದಾಳದಿಂದ ಮೇಲೇರಿ ಹೊರಗೆ ಬಂದರೆ ಹೊಸ ಬೆಂಗಳೂರು ಹಿಂದೆ ಸರಿದು ಹಳೆಯ ಪೇಟೆ ಎದುರಾಗುತ್ತದೆ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರಿನ ಮೂಲ ನೆಲೆ ಇದು. ಅಕ್ಕಿಪೇಟೆ, ತರಗುಪೇಟೆ, ಬಳೇಪೇಟೆ, ಕುಂಬಾರಪೇಟೆ - ಕಸುಬಿಗೊಂದು ಬೀದಿ. ಈ ಸಾಲಿಗೆ ನಮ್ಮ ಕಾಲ ಸೇರಿಸಿದ ಬೀದಿಯೊಂದಿದೆ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಗಳನ್ನು ದಾಟಿ ಟೌನ್‌ಹಾಲ್ ದಿಕ್ಕಿಗೆ ನಡೆದರೆ ಸಿಗುವ ಸದರ್ ಪತ್ರಪ್ಪ ರಸ್ತೆ. ಜನರ ಬಾಯಲ್ಲಿ ಎಸ್.ಪಿ. ರೋಡ್. ‘ಗಣಕಯಂತ್ರಪೇಟೆ’ ಎಂದು ಕರೆದರೂ ಯಾರೂ ತಕರಾರು ಮಾಡಲಾರರು!

ಒಂದು ಕಡೆ ನೀರೆತ್ತುವ ಮೋಟರು, ಬೇರಿಂಗು. ಇನ್ನೊಂದು ಕಡೆ ಕೇಬಲ್ಲಿನ ಸುರುಳಿ, ಮಾನಿಟರುಗಳ ಗೋಪುರ. ನಡುವೆ ಕೈಗಾಡಿ, ಸ್ಕೂಟರು, ತಲೆಯ ಮೇಲೆ ರಟ್ಟಿನ ಪೆಟ್ಟಿಗೆ ಹೊತ್ತ ಕೂಲಿಯಾಳು. ಭಾನುವಾರ ಬಹುಪಾಲು ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಹೊರ ಊರಿನ ವಿದ್ಯಾರ್ಥಿಗಳಿಗೆ, ಅವರ ಜೊತೆ ಬರುವ ತಂದೆ ತಾಯಿಗಳಿಗೆ ಶನಿವಾರವೇ ಸಂತೆಯ ದಿನ.

ಅಂಥದೊಂದು ಶನಿವಾರ ತುಮಕೂರಿನ ರೈಲಿನಿಂದ ಇಳಿದು ಬಂದವರು ಒಬ್ಬ ತಾಯಿ, ಮಗ. ಮಗ ಡಿಪ್ಲೊಮಾದಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾನೆ. ಓದಿನಷ್ಟೇ ಶ್ರದ್ಧೆಯಿಂದ ಗೇಮ್ ಕೂಡ ಆಡುತ್ತಾನೆ. ಅವನಿಗೆ ಬೇಕಾದದ್ದು ಮೆಕ್ಯಾನಿಕಲ್ ಕೀಬೋರ್ಡ್. ತಾಯಿಯ ಪರ್ಸಿನಲ್ಲಿ ಚೀಟಿ ಎತ್ತಿದ ಹಣದಿಂದ ತೆಗೆದಿಟ್ಟ ಮೂರು ಸಾವಿರ ರೂಪಾಯಿ ಇದೆ. ಐನೂರಕ್ಕೆ ಸಿಗುವ ವಸ್ತುವಿಗೆ ಮೂರು ಸಾವಿರ ಏಕೆ ಎಂಬ ಪ್ರಶ್ನೆಯೂ ಅವರ ಜೊತೆಗೇ ರೈಲು ಹತ್ತಿ ಬಂದಿದೆ.

ಕೀಲಿಯ ಕೆಳಗೆ ಏನಿದೆ?

ಕಿರಿದಾದ ಮೆಟ್ಟಿಲು ಹತ್ತಿ ಹೋಗಬೇಕಾದ ಮೊದಲ ಮಹಡಿಯ ಅಂಗಡಿ. “ಬನ್ನಿ ಅಕ್ಕಾ, ಕೂತ್ಕೊಳ್ಳಿ. ಏನು ನೋಡ್ತೀರಿ?” ಎಂದ ಅಂಗಡಿಯಾತ, ತಾಯಿಯ ಪ್ರಶ್ನೆಗೆ ಬಾಯಿಂದ ಉತ್ತರಿಸಲಿಲ್ಲ. ಎರಡು ಕೀಬೋರ್ಡುಗಳ ಕೀಲಿಯ ಟೋಪಿಗಳನ್ನು ಕಿತ್ತು ಮುಂದಿಟ್ಟ.

ಸಾಧಾರಣ ಕೀಬೋರ್ಡಿನಲ್ಲಿ ಕೀಲಿಯ ಕೆಳಗೆ ರಬ್ಬರಿನ ಪುಟ್ಟ ಬಟ್ಟಲು, ಅದರಡಿ ಪ್ಲಾಸ್ಟಿಕ್ ಹಾಳೆಗಳು. ಬಟ್ಟಲು ಪೂರ್ತಿ ಕುಸಿದು ಹಾಳೆಗಳು ಒಂದನ್ನೊಂದು ಮುಟ್ಟಿದಾಗಲಷ್ಟೇ ಅಕ್ಷರ ಮೂಡುತ್ತದೆ. ವರ್ಷ ಕಳೆದಂತೆ ರಬ್ಬರು ಸಡಿಲವಾಗಿ ಕೀಲಿ ಮೆತ್ತಗಾಗುತ್ತದೆ. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಹಾಗಲ್ಲ. ಪ್ರತಿ ಕೀಲಿಗೂ ಸ್ಪ್ರಿಂಗು, ಲೋಹದ ಸಂಪರ್ಕವಿರುವ ಅದರದೇ ಸ್ವಿಚ್ಚು. ಸಾಮಾನ್ಯವಾಗಿ ಕೀಲಿ ನಾಲ್ಕು ಮಿಲಿಮೀಟರ್ ಕೆಳಗಿಳಿಯಬಲ್ಲದು. ಆದರೆ ಎರಡು ಮಿಲಿಮೀಟರ್ ಇಳಿಯುವಷ್ಟರಲ್ಲೇ ಅಕ್ಷರ ಮೂಡಿರುತ್ತದೆ. ಬೆರಳು ತಳ ಮುಟ್ಟುವ ತನಕ ಗುದ್ದಬೇಕಿಲ್ಲ. ಒಂದು ಸ್ವಿಚ್ಚು ಐದು ಕೋಟಿ ಒತ್ತುಗಳನ್ನು ತಾಳುತ್ತದೆ ಎಂಬುದು ತಯಾರಕರ ಲೆಕ್ಕ.

ಇಂದು ಹೆಚ್ಚು ಬಳಕೆಯಲ್ಲಿರುವ ಮಾದರಿಯನ್ನು ಚೆರ್ರಿ ಕಂಪನಿ 1980ರ ದಶಕದಲ್ಲಿ ಹೊರತಂದಿತು. ಅದರ ಪೇಟೆಂಟ್ ಅವಧಿ ಮುಗಿದ ಮೇಲೆ, ಕಳೆದ ದಶಕದಲ್ಲಿ ಚೀನಾದ ಗೇಟೆರಾನ್, ಕೈಲ್, ಔಟೆಮು ಮೊದಲಾದ ತಯಾರಕರೂ ಅದೇ ಬಗೆಯ ಸ್ವಿಚ್ಚುಗಳನ್ನು ಮಾಡತೊಡಗಿದರು. ಒಂದು ಕಾಲಕ್ಕೆ ಹಣವಂತರ ಹವ್ಯಾಸವಾಗಿದ್ದ ವಸ್ತು ಎಸ್.ಪಿ. ರಸ್ತೆಯಲ್ಲಿ ಎರಡು ಮೂರು ಸಾವಿರಕ್ಕೆ ಇಳಿದದ್ದು ಹೀಗೆ.

ಕೆಂಪು, ಕಂದು, ನೀಲಿ

ಅಂಗಡಿಯಾತ ಬಣ್ಣಬಣ್ಣದ ಸ್ವಿಚ್ಚುಗಳನ್ನು ಕೂರಿಸಿದ ಒಂದು ಚಿಕ್ಕ ಹಲಗೆಯನ್ನು ಮುಂದೆ ಸರಿಸಿದ. ಬಣ್ಣ ಅಂದಕ್ಕಲ್ಲ, ಅದು ಗುಣದ ಗುರುತು. ಕೆಂಪು ಸ್ವಿಚ್ಚು ಎಲ್ಲೂ ತಡೆಯದೆ ನೇರ ಇಳಿಯುತ್ತದೆ. ಸುಮಾರು 45 ಗ್ರಾಂ ಒತ್ತಡ ಸಾಕು. ಒಂದೇ ಕೀಲಿಯನ್ನು ಪಟಪಟನೆ ಒತ್ತುವ ಆಟಗಾರರಿಗೆ ಇದು ಅಚ್ಚುಮೆಚ್ಚು. ಆದರೆ ಬೆರಳು ತಗುಲಿದರೂ ಅಕ್ಷರ ಬೀಳುವುದರಿಂದ ಹೊಸದಾಗಿ ಟೈಪಿಂಗ್ ಕಲಿಯುವವರಿಗೆ ತಪ್ಪುಗಳು ಹೆಚ್ಚು. ಕಂದು ಸ್ವಿಚ್ಚಿನಲ್ಲಿ ನಡುದಾರಿಯಲ್ಲೊಂದು ಸಣ್ಣ ಉಬ್ಬು. ‘ಅಕ್ಷರ ಬಿತ್ತು’ ಎಂದು ಬೆರಳಿಗೆ ಗುಟ್ಟಾಗಿ ತಿಳಿಸುತ್ತದೆ. ನೀಲಿಗೆ ಉಬ್ಬೂ ಇದೆ, ‘ಟಿಕ್’ ಎಂಬ ಸದ್ದೂ ಇದೆ. ಒತ್ತಡ ಸುಮಾರು 60 ಗ್ರಾಂ.

ಮಗನ ಮನಸ್ಸು ನೀಲಿಯ ಮೇಲೆ. ವಿಡಿಯೊಗಳಲ್ಲಿ ಆ ಸದ್ದು ಕೇಳಿ ಮರುಳಾಗಿದ್ದಾನೆ.

“ಅಮ್ಮ, ಇದೇ ಕಣಮ್ಮ. ಕೇಳು ಎಷ್ಟು ಚೆನ್ನಾಗಿದೆ!”

“ಕೇಳಿಸ್ತಿದೆ ಕಣೋ. ನಿಮ್ಮಪ್ಪನಿಗೂ ಕೇಳಿಸುತ್ತೆ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗೋರು ಅವರು. ನಮ್ಮನೇಲಿ ಇರೋದು ಎರಡು ಕೋಣೆ.”

ಕೀಬೋರ್ಡಿನ ಆಯ್ಕೆ ಒಬ್ಬನ ಆಯ್ಕೆಯಲ್ಲ, ಮನೆಯ ಆಯ್ಕೆ ಎಂಬ ಮಾತು ಯಾವ ರಟ್ಟಿನ ಪೆಟ್ಟಿಗೆಯ ಮೇಲೂ ಮುದ್ರಣವಾಗಿರುವುದಿಲ್ಲ. ತಾಯಿ ಅದನ್ನು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದರು.

ಮುಂದಿನ ಪ್ರಶ್ನೆ ಗಾತ್ರದ್ದು. ಬಲಗಡೆ ಅಂಕಿಗಳ ಗುಂಪು ಇರುವ ಪೂರ್ಣ ಕೀಬೋರ್ಡಿಗೆ 104 ಕೀಲಿ; ಅದಿಲ್ಲದ್ದಕ್ಕೆ 87; ತೀರ ಚಿಕ್ಕದಕ್ಕೆ 61. ಚಿಕ್ಕದಾದಷ್ಟೂ ಮೌಸ್ ಆಡಿಸಲು ಜಾಗ ಹೆಚ್ಚು. ಆದರೆ 61 ಕೀಲಿಯದರಲ್ಲಿ ಬಾಣದ ಗುರುತಿನ ಕೀಲಿಗಳೂ ಇರುವುದಿಲ್ಲ. ಪ್ರತಿ ಬಾರಿ ಇನ್ನೊಂದು ಕೀಲಿಯ ಜೊತೆ ಸೇರಿಸಿ ಒತ್ತಬೇಕು. ಪ್ರೋಗ್ರಾಂ ಬರೆಯುವ ವಿದ್ಯಾರ್ಥಿಗೆ ಇದು ದಿನನಿತ್ಯದ ಕಿರಿಕಿರಿ. ಅಕೌಂಟ್ಸ್ ಓದುವವರಿಗೆ ಅಂಕಿಗಳ ಗುಂಪು ಬೇಕೇ ಬೇಕು. ಹುಡುಗನಿಗೆ 87 ಸರಿ ಎನಿಸಿತು.

ಬಣ್ಣದ ದೀಪಗಳು? ಅವು ಟೈಪಿಂಗ್ ವೇಗ ಹೆಚ್ಚಿಸುವುದಿಲ್ಲ. ಅದೇ ಹಣಕ್ಕೆ ಹಾಟ್‌ಸ್ವಾಪ್ ಸೌಲಭ್ಯ ಸಿಗುವುದಾದರೆ ಅದನ್ನೇ ಆರಿಸುವುದು ಜಾಣತನ. ಬೆಸುಗೆ ಬಿಚ್ಚುವ ಗೊಡವೆಯಿಲ್ಲದೆ, ಬಲ್ಬು ಬದಲಿಸಿದಷ್ಟು ಸುಲಭವಾಗಿ ಕೆಟ್ಟ ಸ್ವಿಚ್ಚನ್ನು ಕಿತ್ತು ಹೊಸದನ್ನು ಕೂರಿಸಬಹುದು. ಇದರ ಬೆಲೆ ಏನೆಂಬುದು ಅದೇ ಅಂಗಡಿಯ ಮೂಲೆಯ ರಿಪೇರಿ ಮೇಜಿನ ಬಳಿ ಗೊತ್ತಾಯಿತು.

ರಿಪೇರಿ ಮೇಜಿನ ಪಾಠ

ಮೇಜಿನ ಮೇಲೆ ಸೋಲ್ಡರಿಂಗ್ ಐರನ್, ಚಿಮಟ, ಬ್ರಷ್ಷು, ಐಸೋಪ್ರೊಪೈಲ್ ಆಲ್ಕೋಹಾಲಿನ ಬಾಟಲಿ. ಎದುರಿಗೆ ನಾಲ್ವರು ಕಾದಿದ್ದರು.

ಮೊದಲನೆಯವನ ಕೀಬೋರ್ಡ್ ಸತ್ತೇ ಹೋಗಿದೆಯಂತೆ. ಎಷ್ಟು ಒತ್ತಿದರೂ ಅಕ್ಷರ ಬರುತ್ತಿಲ್ಲ. ರಿಪೇರಿಯವರು ಅದನ್ನು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದರು. ಎಲ್ಲ ಕೀಲಿಯೂ ಸರಿ! ಆಟದ ಭರದಲ್ಲಿ ಹುಡುಗ ಬಲಗಡೆಯ ಶಿಫ್ಟ್ ಕೀಲಿಯನ್ನು ಎಂಟು ಸೆಕೆಂಡು ಒತ್ತಿ ಹಿಡಿದಿದ್ದ. ಆಗ ವಿಂಡೋಸ್ ‘ಫಿಲ್ಟರ್ ಕೀಸ್ ಬೇಕೆ’ ಎಂದು ಕೇಳುತ್ತದೆ. ಓದದೆ ‘ಹೌದು’ ಅಂದಿದ್ದ. ಕೈ ನಡುಗುವವರ ಅನುಕೂಲಕ್ಕೆಂದು ಇರುವ ಆ ಸೌಲಭ್ಯ ಚುರುಕಾಗಿ ಒತ್ತಿದ್ದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆರಿಸಿದರಾಯಿತು. ಖರ್ಚು ಸೊನ್ನೆ.

ಎರಡನೆಯವಳು ಪಿಯುಸಿ ಹುಡುಗಿ. ಈಮೇಲ್ ವಿಳಾಸದ @ ಒತ್ತಿದರೆ ಉದ್ಧರಣ ಚಿಹ್ನೆ ಬರುತ್ತಿದೆ. ಇದೂ ಕೀಬೋರ್ಡಿನ ತಪ್ಪಲ್ಲ. ಕಂಪ್ಯೂಟರಿನಲ್ಲಿ ಬ್ರಿಟನ್ನಿನ ಕೀಲಿವಿನ್ಯಾಸ ಆಯ್ಕೆಯಾಗಿತ್ತು. ಅಮೆರಿಕದ ವಿನ್ಯಾಸಕ್ಕೆ ಬದಲಾಯಿಸಿದರೆ ಚಿಹ್ನೆಗಳು ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ.

ಮೂರನೆಯವನದು ನಿಜವಾದ ರೋಗ. ಎನ್ ಒಮ್ಮೆ ಒತ್ತಿದರೆ ಎರಡು ಬಾರಿ ಬೀಳುತ್ತಿದೆ. ಸ್ವಿಚ್ಚಿನ ಸಂಪರ್ಕಕ್ಕೆ ದೂಳು ಸೇರಿದಾಗ, ಅದು ಸವೆದಾಗ ಹೀಗಾಗುತ್ತದೆ. ರಿಪೇರಿಯವರು ಕೇಬಲ್ ಕಳಚಿ, ಎನ್ ಸ್ವಿಚ್ಚನ್ನು ಕಿತ್ತು ಹೆಚ್ಚು ಬಳಕೆಯಿಲ್ಲದ ಇನ್ನೊಂದು ಕೀಲಿಯ ಸ್ವಿಚ್ಚಿನೊಂದಿಗೆ ಅದಲುಬದಲು ಮಾಡಿದರು. ರೋಗ ಸ್ವಿಚ್ಚಿನ ಜೊತೆಗೇ ಹೊಸ ಜಾಗಕ್ಕೆ ಹೋಯಿತು. ಅಂದರೆ ಕೆಟ್ಟಿದ್ದು ಸ್ವಿಚ್ಚು. ಹಳೆಯ ಜಾಗದಲ್ಲೇ ಉಳಿದಿದ್ದರೆ ಕೆಟ್ಟಿದ್ದು ಒಳಗಿನ ಬೋರ್ಡು. “ನೆಟ್ಟಗೆ ಕೂರಿಸಬೇಕಪ್ಪಾ, ಓರೆಯಾಗಿ ಒತ್ತಿದರೆ ಪಿನ್ನು ಬಗ್ಗುತ್ತೆ. ಬಗ್ಗಿದರೂ ಹೆದರಬೇಡ, ಚಿಮಟದಿಂದ ನೇರ ಮಾಡು” ಎಂದು ಹೇಳಿ ಹೊಸ ಸ್ವಿಚ್ಚು ಕೂರಿಸಿಕೊಟ್ಟರು.

ನಾಲ್ಕನೆಯದರ ಮೇಲೆ ಚಹಾ ಚೆಲ್ಲಿತ್ತು. ಒಡೆಯ ಗಾಬರಿಯಿಂದ ಬಟ್ಟೆಯಲ್ಲಿ ಒರೆಸಿ, ಕೆಲಸ ಮುಂದುವರಿಸಿದ್ದ. ಅದೇ ತಪ್ಪು. ಚೆಲ್ಲಿದ ಕ್ಷಣವೇ ಕೇಬಲ್ ಕೀಳಬೇಕು, ಬೋರಲು ಹಾಕಬೇಕು, ಟೋಪಿಗಳನ್ನು ತೆಗೆದು ಒಂದೆರಡು ದಿನ ಒಣಗಿಸಬೇಕು. ಸಕ್ಕರೆಯ ಅಂಟನ್ನು ಆಲ್ಕೋಹಾಲಿನಿಂದ ತೆಗೆಯಬೇಕು. ಇವನ ಕೀಬೋರ್ಡಿನ ಸ್ವಿಚ್ಚುಗಳಿಗೆ ಬೆಸುಗೆ ಹಾಕಿದ್ದರಿಂದ ಒಂದೊಂದನ್ನೂ ಕಾಯಿಸಿ ಬಿಡಿಸಬೇಕು. ಅದರ ಕೂಲಿ ಕೇಳಿ ಆತ ಹೊಸದನ್ನೇ ಕೊಳ್ಳುವ ಯೋಚನೆಗೆ ಬಿದ್ದ.

ನಾಲ್ಕರಲ್ಲಿ ಎರಡು ಕೆಟ್ಟೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಕೀಬೋರ್ಡ್ ಕೈಕೊಟ್ಟಾಗ ಮೊದಲು ಬೇರೆ ಪೋರ್ಟು, ಬೇರೆ ಕೇಬಲ್ಲು, ಬೇರೆ ಕಂಪ್ಯೂಟರು. ಆಮೇಲೆ ಸೆಟ್ಟಿಂಗು. ಕೊನೆಗೆ ಸ್ವಿಚ್ಚು. ಈ ಅನುಕ್ರಮ ತಿಳಿದಿದ್ದರೆ ಬಸ್ಸಿನ ಖರ್ಚಾದರೂ ಉಳಿದೀತು.

ತಾಯಿಯ ಬೆರಳು

ಇಷ್ಟರಲ್ಲಿ ಅಂಗಡಿಯಾತ ಕಂದು ಸ್ವಿಚ್ಚಿನ, 87 ಕೀಲಿಯ ಹಾಟ್‌ಸ್ವಾಪ್ ಕೀಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ “ನೋಡಿಕೊಳ್ಳಿ” ಎಂದಿದ್ದ. ಮಗ ಎರಡು ಬೆರಳಿನಿಂದ ಒಂದಿಷ್ಟು ಕುಟ್ಟಿದ.

“ಸ್ವಲ್ಪ ಸರಿ” ಎಂದರು ತಾಯಿ.

ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೀಬೋರ್ಡಿನತ್ತ ನೋಡದೆ, ಎಫ್ ಮತ್ತು ಜೆ ಕೀಲಿಗಳ ಮೇಲಿನ ಸಣ್ಣ ಗೀರುಗಳನ್ನು ತೋರುಬೆರಳಿನಲ್ಲಿ ಹುಡುಕಿಕೊಂಡರು. ಎ, ಎಸ್, ಡಿ, ಎಫ್. ನಂತರ ಇನ್ನೊಂದು ಕೈ. ಆಮೇಲೆ ಇಂಗ್ಲಿಷಿನಲ್ಲಿ ಒಂದು ಇಡೀ ವ್ಯಾವಹಾರಿಕ ಪತ್ರ ಪರದೆಯ ಮೇಲೆ ಮೂಡಿತು. ಮದುವೆಗೆ ಮುಂಚೆ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಸೀನಿಯರ್ ಪರೀಕ್ಷೆ ಪಾಸು ಮಾಡಿದವರು ಅವರು. ಮಗನಿಗೆ ಅದು ಗೊತ್ತೇ ಇರಲಿಲ್ಲ.

“ಅಮ್ಮ, ನಿಂಗೆ ಇದೆಲ್ಲ ಬರುತ್ತಾ?”

“ಕೆಲಸ ಸಿಗಲಿಲ್ಲ. ಕಲಿತದ್ದು ಎಲ್ಲಿ ಹೋಗುತ್ತೆ?”

ಆ ಬೆರಳುಗಳು ಪರೀಕ್ಷಕರಂತೆ ಕೆಲಸ ಮಾಡಿದವು. ಸ್ಪೇಸ್‌ಬಾರಿನ ಎರಡೂ ತುದಿ ಒತ್ತಿದರು. ಒಂದು ತುದಿ ಗಡಗಡ ಎಂದಿತು. ಉದ್ದ ಕೀಲಿಗಳನ್ನು ಸಮವಾಗಿ ಹಿಡಿಯುವ ತಂತಿ ಸಡಿಲವಿದ್ದರೆ ಹೀಗಾಗುತ್ತದೆ. “ಇದು ಬೇಡ, ಬೇರೆ ಪೀಸು ಕೊಡಿ” ಎಂದರು. ಮಗ ತನ್ನ ಪಾಲಿನ ಪರೀಕ್ಷೆ ಮಾಡಿದ. ಆಟದಲ್ಲಿ ಬಳಸುವ ನಾಲ್ಕೈದು ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಎಲ್ಲವೂ ದಾಖಲಾಗುತ್ತವೆಯೇ ಎಂದು ನೋಡಿದ. ಅಗ್ಗದ ಕೀಬೋರ್ಡುಗಳಲ್ಲಿ ಕೆಲವು ಕೀಲಿಗಳು ಹೀಗೆ ಒಟ್ಟಿಗೆ ಒತ್ತಿದಾಗ ಕಳೆದುಹೋಗುತ್ತವೆ. ಪ್ರತಿ ಕೀಲಿಗೂ ಡಯೋಡ್ ಇದ್ದರೆ ಆ ಗೊಂದಲವಿಲ್ಲ.

ಕನ್ನಡದ ಪ್ರಶ್ನೆ ಕೇಳಿದವರೂ ತಾಯಿಯೇ. “ಇದರ ಮೇಲೆ ಕನ್ನಡ ಅಕ್ಷರ ಇಲ್ವಲ್ಲ?” ಇರಬೇಕಾಗಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಮನೆಮಾತಾಗಿಸಿದ ಆ ಜೋಡಣೆಯಲ್ಲಿ, ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡ ಪೂರ್ತಿ ಅಡಗಿದೆ. ಎ ಒತ್ತಿದರೆ ಅ, ಕೆ ಒತ್ತಿದರೆ ಕ, ಶಿಫ್ಟ್ ಜೊತೆಗೆ ಕೆ ಒತ್ತಿದರೆ ಖ. ಒತ್ತಕ್ಷರ ಜೋಡಿಸುವುದು ಎಫ್. ಕಾಲೇಜಿನಲ್ಲಿ ಅಷ್ಟಿಷ್ಟು ಕಲಿತಿದ್ದ ಮಗ ಎ, ಎಂ, ಎಫ್, ಎಂ ಎಂದು ನಾಲ್ಕು ಕೀಲಿ ಒತ್ತಿದ. ಪರದೆಯ ಮೇಲೆ ‘ಅಮ್ಮ’ ಎಂದು ಮೂಡಿತು. ತಾಯಿ ನಕ್ಕರು.

“ಬಿಲ್ಲು ಬೇಕಾ ಅಕ್ಕಾ? ಜಿಎಸ್‌ಟಿ ಸೇರುತ್ತೆ” ಎಂದ ಅಂಗಡಿಯಾತ. “ಬಿಲ್ಲಿಲ್ಲದೆ ವಾರಂಟಿ ಎಲ್ಲಿಂದ ಬರುತ್ತೆ? ಬಿಲ್ಲು ಕೊಡಿ. ರೇಟು ನೋಡಿ ಹಾಕಿ” ಎಂದರು ತಾಯಿ. ನಾಲ್ಕು ಮಾತಿನ ಚೌಕಾಸಿಯ ನಂತರ ಲೆಕ್ಕ ಮೂರು ಸಾವಿರದೊಳಗೆ ನಿಂತಿತು. ಉಳಿದ ಹಣದಲ್ಲಿ ನಾಲ್ಕು ಬಿಡಿ ಸ್ವಿಚ್ಚು, ಅವನ್ನು ಕೀಳುವ ಇಕ್ಕಳ, ಬೀದಿ ಮೂಲೆಯ ಹೋಟೆಲಿನಲ್ಲಿ ಒಂದು ಬೈಟು ಕಾಫಿ.

ಸಂಜೆಯ ರೈಲಿನಲ್ಲಿ ರಟ್ಟಿನ ಪೆಟ್ಟಿಗೆ ಮಗನ ತೊಡೆಯ ಮೇಲಿತ್ತು. ಪಕ್ಕದಲ್ಲಿ ಕುಳಿತ ತಾಯಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಪೆಟ್ಟಿಗೆಯ ಮುಚ್ಚಳದ ಮೇಲೆ ಅವರ ಎಡಗೈ ಬೆರಳುಗಳು ಮಾತ್ರ ತಮ್ಮ ಪಾಡಿಗೆ ತಾವು ಆಡುತ್ತಿದ್ದವು - ಎ, ಎಸ್, ಡಿ, ಎಫ್.

“ಅಮ್ಮ, ದಿನಾ ಒಂದು ಗಂಟೆ ನಂಗೆ ಹೇಳಿಕೊಡ್ತೀಯಾ?”

“ಮೊದಲು ಆ ಎರಡು ಬೆರಳಿನ ಚಾಳಿ ಬಿಡು. ಆಮೇಲೆ ನೋಡೋಣ” ಎಂದರು ತಾಯಿ.