ವಾಪಸ್ ಬರುವ ತಂತಿ

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸರಣಿ ಜೋಡಣೆಯ ಒಂದು ಚಿತ್ರ ಬರುತ್ತದೆ. ಬ್ಯಾಟರಿ, ಸ್ವಿಚ್ಚು, ಅಮ್ಮೀಟರ್, ಸಾಲಾಗಿ ಕೂತ ಮೂರು ರೋಧಕಗಳು. ಹೆಚ್ಚಿನವರಿಗೆ ಅದು ಪರೀಕ್ಷೆ ಮುಗಿದ ದಿನವೇ ಮರೆತುಹೋಗುವ ಚಿತ್ರ. ಸಕಲೇಶಪುರ, ಆಲೂರು ಕಡೆಯ ಊರುಗಳಲ್ಲಿ ಮಾತ್ರ ಅದು ಗದ್ದೆಯ ಅಂಚಿನಲ್ಲಿ ಕಂಬ ನೆಟ್ಟುಕೊಂಡು ನಿಂತಿದೆ. ಅದಕ್ಕೆ ಸೋಲಾರ್ ಬೇಲಿ ಎನ್ನುತ್ತಾರೆ. ಕಂಪನಿಯ ಹೆಸರೇ ರೂಢಿಗೆ ಬಂದು, ಹಲವರ ಬಾಯಲ್ಲಿ ಅದು ಐಬೆಕ್ಸ್ ಬೇಲಿ.

ಇಲ್ಲಿನ ಗುಡ್ಡಗಳ ಮೇಲೆ ಕಾಫಿ ತೋಟ, ತಗ್ಗಿನಲ್ಲಿ ಗದ್ದೆ. ಹಗಲು ತೋಟದ ಮರಗಳ ನೆರಳಿನಲ್ಲಿ ನಿಲ್ಲುವ ಆನೆಗಳು ಕತ್ತಲಾದ ಮೇಲೆ ಗದ್ದೆಗೆ ಇಳಿಯುತ್ತವೆ. ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಹೈಕೋರ್ಟಿಗೆ ಕೊಟ್ಟ ವರದಿ, ಆನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಬೇಕಾದ ಪ್ರದೇಶಗಳಲ್ಲಿ ಈ ಸೀಮೆಯನ್ನೂ ಸೇರಿಸಿತ್ತು. ಆಮೇಲೆ ಆಲೂರು ಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಆನೆ ಮತ್ತು ಬೇಸಾಯಗಾರರ ನಡುವಿನ ಸಂಬಂಧದ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ಕ್ಷೇತ್ರಕಾರ್ಯಕ್ಕೆಂದು ಸುಗ್ಗಿಯ ಹೊತ್ತಿಗೆ ಇಲ್ಲೊಂದು ಮನೆಯಲ್ಲಿ ಉಳಿದುಕೊಂಡಿದ್ದೆ. ನನ್ನ ಪ್ರಶ್ನಾವಳಿಯಲ್ಲಿ ಬೇಲಿಗೆ ಎಷ್ಟು ಖರ್ಚಾಯಿತು, ಯಾರು ಹಾಕಿಸಿದರು ಎಂಬ ಪ್ರಶ್ನೆಗಳಿದ್ದವು. ಅದು ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಇರಲಿಲ್ಲ.

ಅದನ್ನು ಕೇಳಿದ್ದು ಆ ಮನೆಯ ಹುಡುಗಿ, ಹತ್ತನೇ ತರಗತಿಯವಳು. "ಅಕ್ಕ, ಮಂಡಲ ಪೂರ್ತಿಯಾಗದೆ ಕರೆಂಟ್ ಹರಿಯಲ್ಲ ಅಂತ ಪುಸ್ತಕದಲ್ಲಿದೆ. ನಮ್ಮ ಬೇಲೀಲಿ ಎಲ್ಲಾ ಹೋಗೋ ತಂತಿನೇ. ವಾಪಸ್ ಬರೋ ತಂತಿ ಎಲ್ಲಿ?"

ಪಿಯುಸಿಯವರೆಗೆ ವಿಜ್ಞಾನ ಓದಿದ್ದರಿಂದ ಪುಸ್ತಕ ತೆಗೆದು ಅವಳ ಜೊತೆ ಕೂತೆ. ಸರಣಿಯಲ್ಲಿ ಎಲ್ಲ ಸಾಧನಗಳೂ ಒಂದರ ಬಾಲಕ್ಕೆ ಇನ್ನೊಂದು ಎಂಬಂತೆ ಇರುತ್ತವೆ, ದಾರಿ ಒಂದೇ. ಹಾಗಾಗಿ ಎಲ್ಲದರ ಮೂಲಕವೂ ಒಂದೇ ಪ್ರಮಾಣದ ಪ್ರವಾಹ ಹರಿಯಬೇಕು. ಆದರೆ ವೋಲ್ಟೇಜು ಹಂಚಿಹೋಗುತ್ತದೆ, ರೋಧ ಹೆಚ್ಚಿದ್ದವರಿಗೆ ಹೆಚ್ಚು ಪಾಲು. 12 ವೋಲ್ಟ್ ಬ್ಯಾಟರಿಗೆ 2 ಓಮ್ ಮತ್ತು 4 ಓಮ್ ರೋಧಕಗಳನ್ನು ಸರಣಿಯಲ್ಲಿ ಸೇರಿಸಿದರೆ ಒಟ್ಟು ರೋಧ 6 ಓಮ್, ಪ್ರವಾಹ 2 ಆಂಪಿಯರ್. ಮೊದಲನೆಯದಕ್ಕೆ 4 ವೋಲ್ಟ್, ಎರಡನೆಯದಕ್ಕೆ 8 ವೋಲ್ಟ್. ನಡುವೆ ಎಲ್ಲೇ ಕಡಿದರೂ ಎಲ್ಲವೂ ನಿಂತಂತೆ. ಗಣಪತಿ ಪೆಂಡಾಲಿನ ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬ್ ಸುಟ್ಟರೆ ಇಡೀ ಸಾಲು ಕತ್ತಲಾಗುತ್ತಿದ್ದುದು ಇದಕ್ಕೇ. ಮನೆಯ ವೈರಿಂಗ್ ಹಾಗಲ್ಲ. ಅದು ಸಮಾಂತರ ಜೋಡಣೆ, ಅಡುಗೆಮನೆಯ ಬಲ್ಬ್ ಹೋದರೂ ನಡುಮನೆಯದು ಉರಿಯುತ್ತಲೇ ಇರುತ್ತದೆ.

ಇಷ್ಟು ತಿಳಿದ ಮೇಲೆ ಬೇಲಿಯ ಹತ್ತಿರ ಹೋದೆವು. ಕೊಟ್ಟಿಗೆಯ ಗೋಡೆಗೆ ತೂಗುಹಾಕಿದ ಮಿಷನ್ನು ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತಿತ್ತು. ಸೋಲಾರ್ ಫಲಕದಿಂದ ಬ್ಯಾಟರಿ ಚಾರ್ಜ್ ಆಗುತ್ತದೆ, ಬ್ಯಾಟರಿಯಿಂದ ಮಿಷನ್ನು ಸಾವಿರಾರು ವೋಲ್ಟಿನ ಹೊಡೆತ ತಯಾರಿಸುತ್ತದೆ. ಅದರಿಂದ ಎರಡು ತಂತಿ ಹೊರಡುತ್ತವೆ. ಒಂದು ಬೇಲಿಗೆ. ಇನ್ನೊಂದು ಅಲ್ಲೇ ಪಕ್ಕದಲ್ಲಿ ನೆಲಕ್ಕೆ ಹೂತ ಕಬ್ಬಿಣದ ಕಂಬಿಗೆ. ಅದೇ ಅರ್ಥಿಂಗ್.

"ಹಂಗಾದ್ರೆ ವಾಪಸ್ ಬರೋ ತಂತಿ ನೆಲಾನೇ!" ಎಂದಳು.

ಹೌದು. ಮಿಷನ್ನು, ಬೇಲಿ ತಂತಿ, ಆನೆ, ಮಣ್ಣು, ಅರ್ಥಿಂಗ್ ಕಂಬಿ, ಮತ್ತೆ ಮಿಷನ್ನು. ಆನೆ ಬರುವವರೆಗೂ ಇದು ಅರ್ಧ ಬರೆದ ಚಿತ್ರ. ತಂತಿಗೂ ನೆಲಕ್ಕೂ ನಡುವೆ ಅದು ಮೈಯೊಡ್ಡಿದಾಗಲೇ ಮಂಡಲ ಮುಗಿಯುತ್ತದೆ. ತಂತಿಯ ಮೇಲೆ ಕೂತ ಕಾಜಾಣಕ್ಕೆ ಏನೂ ಆಗದಿರುವುದು, ಅದರ ಕಾಲು ನೆಲಕ್ಕೆ ತಾಗದ್ದರಿಂದ.

ಸರಣಿಯಲ್ಲಿ ಮಣ್ಣೂ ಒಂದು ರೋಧಕ ಎಂದ ಮೇಲೆ ಊರಿನವರ ಹಲವು ದೂರುಗಳಿಗೆ ಅರ್ಥ ಸಿಕ್ಕಿತು. ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ "ಐಬೆಕ್ಸಿಗೆ ಆನೆ ಹೆದರಲ್ಲ" ಎನ್ನುತ್ತಾರೆ. ಲೆಕ್ಕಕ್ಕಷ್ಟೇ ಹೀಗೆ ಹಿಡಿಯೋಣ. ಹೊಡೆತ 8000 ವೋಲ್ಟ್, ಆನೆಯ ಮೈ 1000 ಓಮ್, ಹಸಿ ಮಣ್ಣು 1000 ಓಮ್. ಆನೆಯ ಪಾಲು 4000 ವೋಲ್ಟ್. ಮಣ್ಣು ಒಣಗಿ ಅದರ ರೋಧ 7000 ಓಮ್ ಆಯಿತೆನ್ನಿ. ಆಗ ಆನೆಗೆ ತಟ್ಟುವುದು 1000 ವೋಲ್ಟ್ ಮಾತ್ರ, ಉಳಿದದ್ದನ್ನೆಲ್ಲ ಮಣ್ಣೇ ನುಂಗಿಕೊಳ್ಳುತ್ತದೆ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ನೀರು ಹೊಯ್ಯುವುದು ಈ ರೋಧವನ್ನು ಇಳಿಸಲಿಕ್ಕೆ. ಇನ್ನು ತಂತಿಗೆ ತಾಗುವ ಕಳೆ, ಬಳ್ಳಿಗಳು ಆನೆಗೆ ಸಮಾಂತರವಾದ ಕಳ್ಳದಾರಿಗಳು. ನೂರು ಹುಲ್ಲುಕಡ್ಡಿಗಳು ಸೇರಿ ಹೊಡೆತವನ್ನು ಸದ್ದಿಲ್ಲದೆ ನೆಲಕ್ಕಿಳಿಸಿಬಿಡುತ್ತವೆ. ಆನೆಗೂ ಇದೆಲ್ಲ ಗೊತ್ತಾಗಿಹೋಗಿದೆ. ದಂತದಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅದರಿಂದಲೇ ತಂತಿ ಕೀಳುತ್ತದೆ. ಇಲ್ಲವೇ ಮರ ಕೆಡವಿ ಬೇಲಿಯನ್ನು ಮಲಗಿಸುತ್ತದೆ. ತಂತಿ ಕಡಿದಲ್ಲಿಂದ ಆಚೆಗೆ ಬೇಲಿ ಬರೀ ಕಂಬಗಳ ಸಾಲು.

ಆ ಮನೆಯ ಗದ್ದೆಯನ್ನು ಮೂರು ವರ್ಷದಿಂದ ಆನೆ ತುಳಿಯುತ್ತಿತ್ತು. ಒಂದು ಸಂಜೆ ಜಗಲಿಗೆ ಬಂದ ನೆಂಟರೊಬ್ಬರು ದನಿ ತಗ್ಗಿಸಿ ಹೇಳಿದರು: "ಆ ಟಿಕ್‌ಟಿಕ್ ನಂಬ್ಕೊಂಡ್ರೆ ಅಷ್ಟೇಯ ಗೌಡ್ರೇ. ಪಂಪ್‌ಸೆಟ್ ಲೈನಿಂದ ಒಂದು ತಂತಿ ಎಳೆದುಬಿಡಿ." ಹುಡುಗಿಯ ಅಪ್ಪ ಬೇಡ ಎನ್ನಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಗದ್ದೆಯ ಕಡೆ ನೋಡುತ್ತಾ ಕೂತರು. ಅದು ಅಪರಾಧ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮೂರು ವರ್ಷದ ಭತ್ತ ಕಳೆದುಕೊಂಡವರ ಮುಂದೆ ಕಾನೂನು ಹೇಳಲು ನನಗೆ ಬಾಯಿ ಬರಲಿಲ್ಲ.

ಅವತ್ತು ರಾತ್ರಿ ಹುಡುಗಿ ಕೇಳಿದ್ದು ಬೇರೆ. ಬೇಲಿಯ ಸಾವಿರಾರು ವೋಲ್ಟಿಗೆ ಸಾಯದ ಆನೆ ಮನೆಯ 230 ವೋಲ್ಟಿಗೆ ಹೇಗೆ ಸಾಯುತ್ತದೆ? ಉತ್ತರ ಇರುವುದು ಕಾಲದಲ್ಲಿ. ಮಿಷನ್ನಿನ ಹೊಡೆತ ಸೆಕೆಂಡಿನ ಸಾವಿರದ ಕೆಲವೇ ಭಾಗಗಳಷ್ಟು ಹೊತ್ತಿನದು, ಅದರಲ್ಲಿರುವ ಶಕ್ತಿಗೂ ಮಿತಿಯಿದೆ. ಎರಡು ಟಿಕ್‌ಗಳ ನಡುವೆ ಹಿಂದೆ ಸರಿಯಲು ಬಿಡುವುಂಟು. ಲೈನಿನ ಕರೆಂಟಿಗೆ ಬಿಡುವಿಲ್ಲ. ಸ್ನಾಯು ಬಿಗಿಹಿಡಿದುಬಿಡುತ್ತದೆ, ಟ್ರಾನ್ಸ್‌ಫಾರ್ಮರ್ ಕೊಡುತ್ತಲೇ ಇರುತ್ತದೆ.

ಮತ್ತೆ ಲೆಕ್ಕ ಮಾಡಿದೆವು, ಈ ಸಲ ಮನುಷ್ಯನದು. ಒದ್ದೆ ಮೈ 1000 ಓಮ್, ಗದ್ದೆಯ ಮಣ್ಣು 1000 ಓಮ್ ಎಂದಿಟ್ಟುಕೊಂಡರೆ, 230ನ್ನು 2000ದಿಂದ ಭಾಗಿಸಿದಾಗ 0.115 ಆಂಪಿಯರ್. ಹೃದಯದ ಲಯ ತಪ್ಪಿಸಲು ಸುಮಾರು 0.1 ಆಂಪಿಯರ್ ಸಾಕು. 25 ವ್ಯಾಟಿನ ಒಂದು ಸಣ್ಣ ಬಲ್ಬ್ ಎಳೆಯುವ ಪ್ರವಾಹವೂ ಹೆಚ್ಚುಕಡಿಮೆ ಇಷ್ಟೇ.

"ಫ್ಯೂಸ್ ಹಾರಲ್ವಾ?"

ಫ್ಯೂಸೂ ಅದೇ ಸರಣಿಯಲ್ಲಿದೆ, ಅದರ ಮೂಲಕ ಹರಿಯುವುದೂ ಅದೇ 0.115. ಆದರೆ 5 ಆಂಪಿಯರ್ ಫ್ಯೂಸಿಗೆ ಅದು ಯಾರೋ ಒಂದು ಬಲ್ಬ್ ಹಾಕಿದಷ್ಟೇ ಸಮಾಚಾರ. ಒಂದೇ ಪ್ರವಾಹ ಎಲ್ಲರ ಮೂಲಕ ಹಾದುಹೋಗುತ್ತದೆ, ಎಲ್ಲರಿಗೂ ಅದು ಒಂದೇ ಅಲ್ಲ. ಕ್ಲಾಸಿನಲ್ಲಿ ನಾನು ಸರಣಿಯ ನಿಯಮವನ್ನು ಹತ್ತಾರು ಸಲ ಬರೆದಿದ್ದೆ. ಅದರೊಳಗೆ ಇಂಥದ್ದೊಂದು ಮಾತಿದೆ ಎಂದು ಹೊಳೆದದ್ದು ಆ ರಾತ್ರಿ.

ಹುಡುಗಿ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಳು. ಟ್ರಾನ್ಸ್‌ಫಾರ್ಮರ್, ಫ್ಯೂಸು, ತಂತಿ, ಮಣ್ಣು. ತಂತಿಗೂ ಮಣ್ಣಿಗೂ ನಡುವೆ ರೋಧಕದ ಗೆರೆ ಎಳೆಯುವ ಬದಲು ಸ್ವಲ್ಪ ಜಾಗ ಬಿಟ್ಟು, ಅದರಲ್ಲಿ ಒಂದರ ಕೆಳಗೊಂದು ಬರೆದಳು: ಆನೆ, ನಮ್ಮ ಎಮ್ಮೆ, ಕೊಯ್ಲಿಗೆ ಬರುವವರು, ಅಪ್ಪ. ಕೊನೆಯದನ್ನು ಬರೆದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ರಾತ್ರಿ ಟಾರ್ಚ್ ಹಿಡಿದು ಬೇಲಿ ನೋಡಲು ಹೋಗುವವರು ಅವರೇ.

ನೋಟ್‌ಬುಕ್ಕನ್ನು ಅವಳೇ ಅಪ್ಪನಿಗೆ ತೋರಿಸಿದಳೋ, ತೆರೆದಿಟ್ಟಿದ್ದನ್ನು ಅವರೇ ನೋಡಿದರೋ, ನಾನು ಕೇಳಲಿಲ್ಲ. ಆ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಎರಡು ದಿನ ಬಿಟ್ಟು ಅಪ್ಪ ಕತ್ತಿ ಹಿಡಿದು ಬೇಲಿಯುದ್ದಕ್ಕೂ ಕಳೆ ಸವರಿದರು. ನಾವಿಬ್ಬರೂ ಅರ್ಥಿಂಗ್ ಗುಂಡಿಗೆ ಆರು ಕೊಡ ನೀರು ಹೊತ್ತೆವು. ಮೂರು ದೀಪ ಹತ್ತುತ್ತಿದ್ದ ಟೆಸ್ಟರಿನಲ್ಲಿ ಸಂಜೆ ಆರು ಹತ್ತಿದವು.

ಆ ಸಲ ಆನೆ ಬರಲಿಲ್ಲವೇ ಎಂದರೆ, ಬಂತು. ಮೇಲಿನ ಮೂಲೆಯಲ್ಲಿ ಎರಡು ಕಂಬ ಕೆಡವಿತು. ಗದ್ದೆಯಲ್ಲಿ ಅರ್ಧದಷ್ಟು ಉಳಿಯಿತು. ಅಷ್ಟನ್ನು ಕೊಯ್ದು, ಬಡಿದು, ತೂರಿ, ಪಣತ ತುಂಬಿದರು.