ಬಿ.ಎಚ್. ರಸ್ತೆಯಲ್ಲಿ ಇಳಿಯದ ಗಾಜು

ಬೆಂಗಳೂರಿನಿಂದ ಹೊರಟವರಿಗೆ ತುಮಕೂರು ಹತ್ತಿರವಾಯಿತೆಂದು ಮೊದಲು ಹೇಳುವುದು ರಸ್ತೆಬದಿಯ ಕಲ್ಲಲ್ಲ, ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಹಬೆ. ಸುಮಾರು 70 ಕಿ.ಮೀ. ಹಾದಿಯಲ್ಲಿ ಈಗ ಕಾರಿನ ಗಾಜು ಇಳಿಸುವ ಪ್ರಸಂಗವೇ ಕಡಿಮೆ. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಟೋಲ್‌ನಲ್ಲಿ ಕೈ ಚಾಚಿ ಚಿಲ್ಲರೆ ಎಣಿಸುವ ಕೆಲಸವೂ ತಪ್ಪಿತು. ಹಾಗಾಗಿ ಗಾಜು ಕೆಟ್ಟಿದೆ ಎಂದು ಎಷ್ಟೋ ಮಂದಿಗೆ ಗೊತ್ತಾಗುವುದು ಇಡ್ಲಿಯ ಪೊಟ್ಟಣ ಹಿಡಿದ ಹುಡುಗ ಬಾಗಿಲ ಪಕ್ಕ ಬಂದು ನಿಂತಾಗಲೇ. ಬಟನ್ ಒತ್ತಿದರೆ ಗಾಜು ಅಲುಗುವುದಿಲ್ಲ. ಇಳಿಯದಿದ್ದರೆ ಹೇಗೋ ಬಾಗಿಲು ತೆರೆದು ಇಡ್ಲಿ ಈಸಿಕೊಳ್ಳಬಹುದು. ಇಳಿದದ್ದು ಮತ್ತೆ ಏರದಿದ್ದರೆ ನಿಜವಾದ ಪಜೀತಿ. ಕಾರು ಬಿಟ್ಟು ಸಿದ್ಧಗಂಗೆಯ ಮೆಟ್ಟಿಲು ಹತ್ತುವಂತಿಲ್ಲ. ದೇವರಾಯನದುರ್ಗಕ್ಕೆ ಹೋದರೆ ಕೋತಿಗಳ ಕಾಟ.

ಊರೊಳಗೆ ಸಾಗುವ ದೊಡ್ಡ ರಸ್ತೆಗೆ ಬಿ.ಎಚ್. ರಸ್ತೆ ಎಂದು ಹೆಸರು. ಬಿ ಎಂದರೆ ಬೆಂಗಳೂರು, ಎಚ್ ಎಂದರೆ ದೂರದ ಹೊನ್ನಾವರ. ಇದೇ ರಸ್ತೆಯಲ್ಲಿ 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವಿದೆ. ಇದೇ ರಸ್ತೆಯ ಆಚೀಚೆ ಗ್ಯಾರೇಜುಗಳು, ಟೈರಿನ ಅಂಗಡಿಗಳು, ಆಟೋ ಎಲೆಕ್ಟ್ರಿಕಲ್ಸ್ ಎಂದು ಬೋರ್ಡು ಬರೆಸಿಕೊಂಡ ಪುಟ್ಟ ಮಳಿಗೆಗಳೂ ಇವೆ. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಬರುವ ತಂದೆ ತಾಯಂದಿರು ಒಂದನ್ನು ಆಸೆಯಿಂದ ನೋಡುತ್ತಾರೆ, ಇನ್ನೊಂದನ್ನು ನೋಡುವುದೇ ಇಲ್ಲ. ನೋಡಿದರೂ ಬೆದರಿಕೆಗೆ: ‘ಸರಿಯಾಗಿ ಓದದಿದ್ರೆ ಗ್ಯಾರೇಜಿಗೆ ಹಾಕ್ತೀನಿ ನೋಡು!’ ಈ ಮಾತನ್ನು ಕೇಳದೆ ಬೆಳೆದ ಮಕ್ಕಳು ಜಿಲ್ಲೆಯಲ್ಲಿ ವಿರಳ. ಆದರೆ ಗ್ಯಾರೇಜಿನಲ್ಲಿ ಓದಿಗಿಂತ ಕಡಿಮೆ ಯೋಚನೆ ನಡೆಯುತ್ತದೆ ಎಂಬುದು ಅಷ್ಟೇನೂ ಸರಿಯಲ್ಲ. ಕೆಟ್ಟುನಿಂತ ಒಂದೇ ಒಂದು ಗಾಜಿನ ಮುಂದೆ ಅರ್ಧ ಗಂಟೆ ನಿಂತು ನೋಡಿದರೂ ಸಾಕು.

ಒಳ್ಳೆಯ ಮೇಸ್ತ್ರಿ ಮೊದಲು ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ‘ಎಲ್ಲಾ ಗ್ಲಾಸೂ ನಿಂತೈತಾ ಸಾರ್, ಇದೊಂದೇನಾ?’ ಎಲ್ಲವೂ ಒಟ್ಟಿಗೇ ನಿಂತಿದ್ದರೆ ನಾಲ್ಕು ಮೋಟಾರು ಒಂದೇ ದಿನ ಸಾಯುವುದುಂಟೆ? ದೋಷ ನಾಲ್ಕಕ್ಕೂ ಸೇರಿದ ಜಾಗದಲ್ಲಿದೆ: ಫ್ಯೂಸಿನಲ್ಲೋ, ರಿಲೇಯಲ್ಲೋ, ಡ್ರೈವರ್ ಪಕ್ಕದ ದೊಡ್ಡ ಸ್ವಿಚ್ಚಿನಲ್ಲೋ. ಹಿಂದಿನ ಬಾಗಿಲುಗಳು ಮಾತ್ರ ಕೇಳದಿದ್ದರೆ ಆ ದೊಡ್ಡ ಸ್ವಿಚ್ಚಿನಲ್ಲೇ ಇರುವ ಲಾಕ್ ಗುಂಡಿಯನ್ನು ನೋಡಬೇಕು. ಮಕ್ಕಳು ಹಿಂದೆ ಕುಳಿತು ಗಾಜು ಏರಿಸಿ ಇಳಿಸದಿರಲಿ ಎಂದು ಇಟ್ಟ ಗುಂಡಿ ಅದು. ಯಾರದೋ ಮೊಣಕೈ ತಾಗಿ ಒತ್ತಿಹೋಗಿರುತ್ತದೆ. ಎಷ್ಟೋ ‘ರಿಪೇರಿ’ಗಳು ಅಲ್ಲಿಗೇ ಮುಗಿಯುತ್ತವೆ.

ಇದೊಂದೇ ಗಾಜು ಎಂದಾದರೆ ಎರಡನೆಯ ಪ್ರಶ್ನೆ: ‘ಡ್ರೈವರ್ ಕಡೆಯಿಂದ ಒತ್ತುದ್ರೆ ಬತ್ತೈತಾ?’ ಅಲ್ಲಿಂದ ಕೆಲಸ ಮಾಡಿ ಆಯಾ ಬಾಗಿಲ ಬಟನ್ನಿನಿಂದ ಮಾಡದಿದ್ದರೆ ಮೋಟಾರಿನ ಮೇಲೆ ಅನುಮಾನ ಪಡಬೇಕಿಲ್ಲ. ಹೆಚ್ಚಾಗಿ ತಪ್ಪು ಆ ಬಟನ್ನಿನದು. ಎರಡೂ ಕಡೆಯಿಂದ ಬಾರದಿದ್ದರೆ ಕಿವಿಯ ಸರದಿ. ಬಾಗಿಲಿಗೆ ಕಿವಿಯಿಟ್ಟು ಬಟನ್ ಒತ್ತಿಸಬೇಕು. ಮೋಟಾರು ಗುಯ್‌ಗುಟ್ಟಿದರೂ ಗಾಜು ಅಲುಗದಿದ್ದರೆ ವಿದ್ಯುತ್ತಿನದು ತಪ್ಪಿಲ್ಲ, ಗಾಜನ್ನು ಎಳೆಯುವ ವ್ಯವಸ್ಥೆ ಮುರಿದಿದೆ. ಸದ್ದೇ ಇಲ್ಲದಿದ್ದರೆ ಕರೆಂಟು ಎಲ್ಲಿಯವರೆಗೆ ಬಂದಿದೆ ಎಂದು ಹುಡುಕಬೇಕು. ಮೂರು ಪ್ರಶ್ನೆಗೆ ಬಾಗಿಲ ಒಂದು ಸ್ಕ್ರೂ ಕೂಡ ಬಿಚ್ಚದೆ ದೋಷದ ಮನೆ ಯಾವ ಬೀದಿಯಲ್ಲಿದೆ ಎಂದು ತಿಳಿದಿರುತ್ತದೆ.

ಕರೆಂಟು ಹುಡುಕಲು ಹಳೇ ಮೇಸ್ತ್ರಿಗಳ ಕೈಯಲ್ಲಿರುವುದು ಟೆಸ್ಟ್ ಲ್ಯಾಂಪ್. ಒಂದು ಪುಟ್ಟ ಬಲ್ಬು, ಎರಡು ವೈರು, ಅಷ್ಟೆ. ಕಾಲೇಜಿನ ಹುಡುಗ ಡಿಜಿಟಲ್ ಮಲ್ಟಿಮೀಟರ್ ತಂದು ಮೋಟಾರಿನ ತುದಿಗೆ ಹಿಡಿದರೆ 12 ವೋಲ್ಟ್ ಎಂದು ತೋರಿಸಬಹುದು. ‘ಕರೆಂಟ್ ಬರ್ತಿದೆ, ಮೋಟಾರೇ ಹೋಗಿದೆ’ ಎಂದು ಅವನು ತೀರ್ಪು ಕೊಡುತ್ತಾನೆ. ಅದೇ ಜಾಗಕ್ಕೆ ಟೆಸ್ಟ್ ಲ್ಯಾಂಪ್ ಹಿಡಿದರೆ ಬಲ್ಬು ಮಿಣುಕುತ್ತದೆಯೇ ಹೊರತು ಉರಿಯುವುದಿಲ್ಲ. ಯಾರು ಸರಿ? ಮೀಟರು ತಾನು ಕರೆಂಟನ್ನು ಎಳೆಯುವುದೇ ಇಲ್ಲ ಎನ್ನಬಹುದು. ವೈರಿನ ಎಳೆಗಳೆಲ್ಲ ತುಂಡಾಗಿ ಕೂದಲಿನಂಥ ಒಂದೆಳೆ ಉಳಿದಿದ್ದರೂ, ತುದಿ ಕಿಲುಬು ಹಿಡಿದಿದ್ದರೂ ಅದಕ್ಕೆ 12 ವೋಲ್ಟ್ ಕಂಡೇ ಕಾಣುತ್ತದೆ. ಬಲ್ಬು ಹಾಗಲ್ಲ, ಕರೆಂಟು ಎಳೆದು ನೋಡುತ್ತದೆ. 1827ರಲ್ಲಿ ಜರ್ಮನಿಯ ಗೆಯೋರ್ಗ್ ಓಮ್ ಪ್ರಕಟಿಸಿದ ನಿಯಮವನ್ನು ಪರೀಕ್ಷೆಗೆ ಬರೆದವರಿಗೆ ಲೆಕ್ಕ ಸುಲಭ. 5 ಆಂಪಿಯರ್ ಹರಿಯುವ ದಾರಿಯಲ್ಲಿ 1 ಓಮ್‌ನಷ್ಟು ಕಿಲುಬು ಕೂತರೆ 5 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ಮೋಟಾರಿಗೆ ದಕ್ಕುವುದು 7. ಅಷ್ಟರಲ್ಲಿ ಗಾಜು ಏರೀತೆ? ಹತ್ತನೇ ತರಗತಿಯ ಪುಸ್ತಕದಲ್ಲಿ ಸತ್ತು ಮಲಗಿದ ಸೂತ್ರ ಇಲ್ಲಿ ಬಾಗಿಲೊಳಗೆ ಎದ್ದು ಕೂರುತ್ತದೆ.

ವೈರು ತುಂಡಾಗುವುದಕ್ಕೂ ಒಂದು ನಿಶ್ಚಿತ ಜಾಗವಿದೆ. ಬಾಗಿಲಿಗೂ ಕಾರಿನ ಮೈಗೂ ನಡುವೆ, ಕೀಲಿನ ಹತ್ತಿರ ಒಂದು ರಬ್ಬರ್ ಕೊಳವೆ ಕಾಣುತ್ತದೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಒಳಗಿನ ವೈರುಗಳು ಬಾಗುತ್ತವೆ. ವರ್ಷಗಟ್ಟಲೆ ಬಾಗಿ ಬಾಗಿ ಒಂದು ದಿನ ತಾಮ್ರ ಮುರಿಯುತ್ತದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಏನೂ ಆಗದವರಂತೆ ಇರುತ್ತದೆ. ಬಟನ್ ಒತ್ತಿಹಿಡಿದು ಬಾಗಿಲನ್ನು ನಿಧಾನ ತೆರೆದರೆ ಯಾವುದೋ ಒಂದು ಕೋನದಲ್ಲಿ ಗಾಜು ಗಕ್ಕನೆ ಅಲುಗುತ್ತದೆ. ಕಳ್ಳ ಸಿಕ್ಕಿದ ಹಾಗೆ.

ಇದೇ ರಸ್ತೆ ಹಿಡಿದು ಪಶ್ಚಿಮಕ್ಕೆ 20 ಕಿ.ಮೀ. ಹೋದರೆ ಗುಬ್ಬಿ. ಈಗ ಗುಬ್ಬಿ ಎಂದೊಡನೆ ಪೋಷಕರ ಬಾಯಲ್ಲಿ ಬರುವುದು ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಎಚ್ಎಎಲ್ ಹೆಲಿಕಾಪ್ಟರ್ ಕಾರ್ಖಾನೆ. ಆದರೆ ನಾಡಿಗೆಲ್ಲ ಈ ಊರನ್ನು ಪರಿಚಯಿಸಿದ್ದು ನಾಟಕ. 1884ರಲ್ಲಿ ಇಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣ (1891–1972) ಬೆಳೆಸಿದ ಬಗೆ ಮನೆಮಾತು. ಕಂಪನಿ ನಾಟಕ ಕಂಡ ಹಿರಿಯರಿಗೆ ಪರದೆಗಳ ನೆನಪಿರುತ್ತದೆ. ಅರಮನೆ ಮೇಲೇರಿ ಕಾಡು ಇಳಿಯಬೇಕಾದರೆ ಮರೆಯಲ್ಲಿ ನಿಂತವನು ಹಗ್ಗ ಎಳೆಯಬೇಕು, ಹಗ್ಗ ರಾಟೆಯ ಮೇಲೆ ಹೊರಳಬೇಕು. ಒಂದು ಬದಿಯ ಹಗ್ಗ ಸಡಿಲವಾದರೆ ಅರಮನೆ ಸೊಟ್ಟಗೆ ಜೋತುಬೀಳುತ್ತದೆ.

ಇಂದಿನ ಬಹಳಷ್ಟು ಕಾರುಗಳ ಬಾಗಿಲೊಳಗೆ ನಡೆಯುವುದೂ ಇದೇ ನಾಟಕ. ಹಗ್ಗದ ಬದಲು ತೆಳು ಉಕ್ಕಿನ ಕೇಬಲ್, ಮೇಲೊಂದು ಕೆಳಗೊಂದು ಪುಟ್ಟ ರಾಟೆ, ಹಗ್ಗ ಎಳೆಯುವವನ ಜಾಗದಲ್ಲಿ ಮೋಟಾರು. ಇಡೀ ಸರಂಜಾಮಿಗೆ ರೆಗ್ಯುಲೇಟರ್ ಎನ್ನುತ್ತಾರೆ. ಗಾಜನ್ನು ಹಿಡಿದುಕೊಂಡ ಪ್ಲಾಸ್ಟಿಕ್ ತುಂಡು ಬಿಸಿಲಿಗೆ ಕಾದು ಮುರಿದರೆ ಗಾಜು ಸೊಟ್ಟಗಾಗಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಧೊಪ್ಪನೆ ಬಾಗಿಲೊಳಗೆ ಬೀಳುತ್ತದೆ. ಮೋಟಾರು ಒಂದೇ, ಆದರೂ ಏರುವುದು ಇಳಿಯುವುದು ಎರಡೂ ಹೇಗೆ? ಬಟನ್ನು ಪ್ಲಸ್ಸು ಮೈನಸ್ಸುಗಳನ್ನು ಅದಲುಬದಲು ಮಾಡುತ್ತದೆ, ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಸ್ಕ್ರೂವಿನಂಥ ಹಲ್ಲಿನ ಗೇರು ಇರುವುದರಿಂದ ಗಾಜನ್ನು ಕೈಯಿಂದ ಒತ್ತಿದರೆ ಇಳಿಯುವುದಿಲ್ಲ. ಕಳ್ಳನಿಗೆ ಅದೇ ತೊಡಕು.

ಗುಬ್ಬಿ ದಾರಿಯಲ್ಲಿ ಓಡಾಡುವ ವಾಹನಗಳಿಗೆ ದೂಳಿನ ಕಷ್ಟ ಬೇರೆ. ರಸ್ತೆಯ ಕೆಮ್ಮಣ್ಣು ಗಾಜು ಜಾರುವ ರಬ್ಬರ್ ಕಾಲುವೆಯಲ್ಲಿ ಕೂತು ಗಟ್ಟಿಯಾಗುತ್ತದೆ. ಗಾಜು ಮುಕ್ಕಿರಿದು ಏರುತ್ತದೆ, ಮೋಟಾರು ಕಾದು ತನ್ನಷ್ಟಕ್ಕೆ ನಿಂತು, ತಣ್ಣಗಾದ ಮೇಲೆ ಮತ್ತೆ ಓಡುತ್ತದೆ. ಇದಕ್ಕೆ ಗ್ರೀಸು ಬಳಿಯುವವರಿದ್ದಾರೆ. ಎರಡು ದಿನ ಸೊಗಸು, ಆಮೇಲೆ ಗ್ರೀಸಿಗೇ ದೂಳು ಮೆತ್ತಿ ಮೊದಲಿಗಿಂತ ಅಧ್ವಾನ. ಒದ್ದೆ ಬಟ್ಟೆಯಲ್ಲಿ ಕಾಲುವೆ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆಯುವುದೇ ಸರಿಯಾದ ಕ್ರಮ. ಗುದ್ದಿ ಓಡಿಸುವ ವೈದ್ಯವೂ ಚಾಲ್ತಿಯಲ್ಲಿದೆ. ಬಾಗಿಲಿಗೆ ಗುದ್ದಿದಾಗ ಗಾಜು ಚಲಿಸಿದರೆ ಗುದ್ದಿನ ಮಹಿಮೆಯಲ್ಲ, ಮೋಟಾರಿನ ಕಾರ್ಬನ್ ಬ್ರಷ್ ಸವೆದಿದೆ ಎಂಬುದರ ಸೂಚನೆ.

ತುಮಕೂರಿಗೆ ಮರಳಿ, ಹೆಬ್ಬೂರಿನ ಮೇಲೆ ದಕ್ಷಿಣಕ್ಕೆ ಇಳಿದರೆ ಕುಣಿಗಲ್. ಇದು ಬೆಂಗಳೂರು–ಮಂಗಳೂರು ಹೆದ್ದಾರಿಯ ಊರು. ಶಿರಾಡಿ ಘಾಟಿಯಲ್ಲಿ ಮಳೆ ತಿಂದು ಬಂದ ಕಾರುಗಳು ಇಲ್ಲಿ ಕಾಫಿಗೆ ನಿಲ್ಲುತ್ತವೆ. ಗಾಜಿನ ಹೊರಬದಿಯ ರಬ್ಬರ್ ಪಟ್ಟಿಯನ್ನು ದಾಟಿ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ. ಹರಿದುಹೋಗಲೆಂದೇ ಬಾಗಿಲ ತಳದಲ್ಲಿ ತೂತುಗಳಿರುತ್ತವೆ. ತರಗೆಲೆ, ಕೆಸರು ಕಟ್ಟಿಕೊಂಡರೆ ನೀರು ಒಳಗೇ ನಿಂತು ಕಬ್ಬಿಣವನ್ನು, ಮೋಟಾರನ್ನು ತಿನ್ನುತ್ತದೆ. ಬಾಗಿಲು ತೆರೆದಾಗ ಕೊಡದ ನೀರು ಅಲುಗಿದ ಸದ್ದು ಕೇಳಿದರೆ ಒಂದು ಕಡ್ಡಿಯಿಂದ ತೂತು ಬಿಡಿಸಿದರಾಯಿತು. ಖರ್ಚಿಲ್ಲದ ಈ ಕೆಲಸ ಹತ್ತು ವರ್ಷದ ಮಗುವೂ ಮಾಡಬಲ್ಲದು.

ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದ ನೆನಪು ಹೊತ್ತದ್ದು. ಕುಂಟುವ ಕುದುರೆಯ ಕಾಲನ್ನು ಪಶುವೈದ್ಯರು ಕೂಡಲೇ ಎತ್ತಿ ನೋಡುವುದಿಲ್ಲ. ಮೊದಲು ನಡೆಸಿ, ಹೆಜ್ಜೆ ನೋಡುತ್ತಾರೆ. ಗ್ಯಾರೇಜಿನ ಕ್ರಮವೂ ಇದೇ ಆಗಬೇಕು, ಆದರೆ ಎಲ್ಲೆಡೆ ಹಾಗಿಲ್ಲ. ಕೆಲವೆಡೆ ನೋಡುವ ಮೊದಲೇ ‘ಮೋಟಾರ್ ಸಮೇತ ಚೇಂಜ್ ಮಾಡ್ಬೇಕು’ ಎಂಬ ಮಾತು ಬರುತ್ತದೆ. ಕಿಲುಬು ಹಿಡಿದ ಸ್ವಿಚ್ಚಿಗೆ ಹೊಸ ರೆಗ್ಯುಲೇಟರಿನ ಹಣ ತೆತ್ತವರು ಬೇಕಷ್ಟಿದ್ದಾರೆ. ಹಾಗೆಂದು ಎಲ್ಲವನ್ನೂ ಹೊಂದಿಸಿ ನಡೆಸುವುದೂ ಜಾಣತನವಲ್ಲ. ಎಳೆ ಬಿಟ್ಟ ಕೇಬಲ್‌ಗೆ ಗಂಟು ಹಾಕಿಸಿಕೊಂಡವರು ಮುಂದಿನ ಊರಲ್ಲಿ ಮತ್ತೆ ನಿಲ್ಲುತ್ತಾರೆ.

ಮನೆಯಲ್ಲಿ ಕೈಯಾಡಿಸಲು ಹೊರಡುವ ವಿದ್ಯಾರ್ಥಿಗಳಿಗೆ ಮಾತ್ರ ಎಚ್ಚರ ಬೇಕು. ಕೈ ಒಳಗಿಡುವ ಮೊದಲು ಫ್ಯೂಸ್ ತೆಗೆಯಬೇಕು. ರೆಗ್ಯುಲೇಟರಿನ ತೋಳುಗಳಿಗೆ ಬೆರಳು ಯಾರದೆಂದು ಗೊತ್ತಾಗುವುದಿಲ್ಲ. ಗಾಜನ್ನು ಅಗಲ ಟೇಪಿನಿಂದ ಚೌಕಟ್ಟಿಗೆ ಅಂಟಿಸದೆ ಬೋಲ್ಟು ಬಿಚ್ಚಬಾರದು. ಬಾಗಿಲಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಅನುಭವಿಗೇ ಬಿಡುವುದು ಒಳ್ಳೆಯದು. ಒಳಗಿನ ಪ್ಯಾಡು ತೆಗೆದಾಗ ಕಾಣುವ ಪ್ಲಾಸ್ಟಿಕ್ ಹಾಳೆಯನ್ನು ಅವಸರಕ್ಕೆ ಹರಿದರೆ ಮುಂದಿನ ಮಳೆಯಲ್ಲಿ ಸೀಟು ಒದ್ದೆ. ಪ್ಯಾಡು ಮುಚ್ಚುವ ಮೊದಲೇ ಫ್ಯೂಸ್ ಹಾಕಿ ಗಾಜನ್ನು ನಾಲ್ಕು ಸಲ ಏರಿಸಿ ಇಳಿಸಿ ನೋಡಬೇಕು.

ಒಮ್ಮೆ ಒತ್ತಿದರೆ ತಾನೇ ಪೂರ್ತಿ ಏರುವ ಗಾಜುಗಳಲ್ಲಿ, ಮಗುವಿನ ಕೈ ಅಡ್ಡ ಬಂದರೆ ಹಿಂದೆ ಸರಿಯುವ ಏರ್ಪಾಡು ಇರುತ್ತದೆ. ಬ್ಯಾಟರಿ ಅಥವಾ ಮೋಟಾರು ಬಿಚ್ಚಿ ಹಾಕಿದ ಮೇಲೆ ಅನೇಕ ಕಾರುಗಳು ಇದನ್ನು ಮರೆತುಬಿಡುತ್ತವೆ. ಗಾಜು ಪೂರ್ತಿ ಏರಿದ ಮೇಲೂ ಬಟನ್ನನ್ನು ಕೆಲವು ಸೆಕೆಂಡು ಹಿಡಿದು ಮತ್ತೆ ಕಲಿಸಬೇಕು. ಎಷ್ಟು ಸೆಕೆಂಡು ಎಂಬುದು ಒಂದೊಂದು ಕಾರಿಗೆ ಒಂದೊಂದು. ಅದನ್ನು ಬರೆದ ಪುಸ್ತಕ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ, ಹೆಚ್ಚಾಗಿ ಇನ್ನೂ ಪ್ಲಾಸ್ಟಿಕ್ ಕವರು ಒಡೆಯದೆ, ಕೂತಿರುತ್ತದೆ.