ರಂಟಿ ಹೊಡೆಯದ ಹೊಲ

ಹೊಲ ಹಸನು ಮಾಡದೆ ಬಿತ್ತಿದವನನ್ನು ನಮ್ಮ ಮುರಗೂಡದಾಗ ಯಾರೂ ರೈತ ಅನ್ನೂದಿಲ್ಲ, ಮೈಗಳ್ಳ ಅಂತಾರ. ಬೇಸಿಗೆಯಲ್ಲಿ ರಂಟಿ ಹೊಡೆದು, ಹೆಂಟೆ ಒಡೆದು, ಕುಂಟೆ ಎಳೆದ ಮೇಲೆಯೇ ಬಿತ್ತಿಗೆ ಎಂಬುದು ಹಿರಿಯರ ಮಾತು. ಅದಕ್ಕೆ ಕಾರಣವೂ ಇತ್ತು: ಕಳೆ ಸಾಯುತ್ತಿತ್ತು, ಸಡಿಲ ಮಣ್ಣಿನಲ್ಲಿ ಕೂರಿಗೆಯ ತಾಳು ಸಲೀಸಾಗಿ ಇಳಿಯುತ್ತಿತ್ತು. ಆದರೆ ಎತ್ತಿನ ರಂಟಿ ಬೇರೆ, ಟ್ರ್ಯಾಕ್ಟರ್ ಬೇರೆ. ರೋಟಾವೇಟರ್ ಮಣ್ಣನ್ನು ಹಿಟ್ಟು ಮಾಡುತ್ತದೆ. ದೊಡ್ಡ ಮಳೆ ಬಂದರೆ ಆ ಹಿಟ್ಟು ವೇದಗಂಗೆಯ ಪಾಲು.

ಕೊಲ್ಹಾಪುರದ ಪ್ರತಾಪ ಚಿಪಳೂಣಕರ ಅವರು ಉಳುಮೆ ಬಿಟ್ಟು ಬೆಳೆ ತೆಗೆದು, ಅದರ ಬಗ್ಗೆ ಮರಾಠಿಯಲ್ಲಿ ಬರೆದರು. ಅವರ ಮಾತಿನ ತಿರುಳು ಇಷ್ಟೆ: ಹಿಂದಿನ ಬೆಳೆಯ ಬೇರು, ಬುಡ ಇದ್ದಲ್ಲೇ ಕೊಳೆಯಲಿ, ಅದೇ ಗೊಬ್ಬರ. ಬೇರು ಕೊಳೆತ ದಾರಿಯಲ್ಲೇ ನೀರು, ಗಾಳಿ ಇಳಿಯುತ್ತವೆ. ಎರೆಹುಳಕ್ಕೂ ತಿನ್ನಲು ಸಿಗುತ್ತದೆ. ನೇರಳದ ಚಂದ್ರಶೇಖರ ಭಡಸಾವಳೆ ಅವರ ಭತ್ತದ ಪದ್ಧತಿಯೂ ಇದೇ ಜಾತಿಯದು. ಒಮ್ಮೆ ಮಾಡಿದ ಮಡಿಯನ್ನು ಮತ್ತೆ ಉಳದೆ, ಹಳೆ ಬೇರು ಕೀಳದೆ ಮುಂದಿನ ಬೀಜ ಊರುತ್ತಾರೆ.

ಹಾಗಾದರೆ ಬಿತ್ತುವುದು ಹ್ಯಾಂಗ? ರವದಿ ಬಿದ್ದ ಹೊಲದಾಗ ನಮ್ಮ ಕೂರಿಗೆ ನಡೆಯದು. ತಾಳಿಗೆ ರವದಿ ಸಿಕ್ಕಿ, ಹೊರೆಯಾಗಿ, ಬೀಜವನ್ನೂ ಎಳೆದುಕೊಂಡು ಹೋಗುತ್ತದೆ. ಉತ್ತರದ ಗೋಧಿ ಸೀಮೆಗೆ ಪಂತನಗರದ ಕೃಷಿ ವಿಶ್ವವಿದ್ಯಾಲಯದವರು ಟ್ರ್ಯಾಕ್ಟರ್ ಕೂರಿಗೆ ಮಾಡಿದರು. ಅದು ಉಳದ ನೆಲದಲ್ಲಿ ಸಣ್ಣ ಸೀಳು ಕೊರೆದು ಬೀಜ, ಗೊಬ್ಬರ ಬಿಡುತ್ತದೆ. ನಮ್ಮ ಗುಂಟೆ ಲೆಕ್ಕದ ತುಂಡುಗಳಿಗೆ ಟೋಕಣವೇ ಸಾಕು. ಕೈಯಿಂದ ನೂಕುವ ಚಕ್ರದ ಸುತ್ತ ಕೊಕ್ಕುಗಳು. ಒಂದೊಂದೂ ನೆಲ ಚುಚ್ಚಿ, ಬಾಯಿ ತೆರೆದು ಕಾಳು ಬಿಡುತ್ತದೆ. ಎರಿ ಮಣ್ಣು ಹಸಿಯಾಗಿದ್ದರೆ ಕೊಕ್ಕಿನ ತುಂಬ ಕೆಸರು. ಹದ ನೋಡಿಯೇ ಇಳಿಯಬೇಕು.

ಇದರಲ್ಲಿ ಎಲ್ಲವೂ ಸುಸೂತ್ರ ಅಂತ ನಾ ಹೇಳೂದಿಲ್ಲ. ರಂಟಿ ಬಿಟ್ಟವನಿಗೆ ಕಳೆಯ ಕಾಟ ಹೆಚ್ಚು. ಕಳೆನಾಶಕ್ಕೆ ಕೈ ಹಾಕಿದರೆ ಅದರ ಖರ್ಚು, ಅದರ ವಿಷ ಬೇರೆ. ಆದರೆ ಕಬ್ಬು ಕಡಿದ ಮರುದಿನವೇ ರವದಿಗೆ ಕಡ್ಡಿ ಗೀರುವುದನ್ನಾದರೂ ನಿಲ್ಲಿಸಬಹುದಲ್ಲ? ನೆಲ ಮುಚ್ಚಿದ ರವದಿ ಕಳೆಯನ್ನೂ ಅದುಮುತ್ತದೆ, ಹಸಿಯನ್ನೂ ಕಾಯುತ್ತದೆ. ಮಕ್ಕಳಿಗೆ ಹೊಲ ಬಿಟ್ಟು ಹೋಗುತ್ತೇವೆ ಅಂತೀವಿ. ಮಣ್ಣೇ ಹೋದ ಮೇಲೆ ಬಿಟ್ಟು ಹೋಗುವುದು ಬರೇ ಉತಾರ.

ಇಡೀ ಹೊಲ ಬೇಡ, 5 ಗುಂಟೆಯಲ್ಲಿ ನೋಡಿರಿ. ಶಾಲೆಯ ಗುರುಗಳಿಗೂ ಒಂದು ವಿನಂತಿ. ಉಳುವ ಹೊಲದ ಒಂದು ಒಣ ಹೆಂಟೆ, ಹುಲ್ಲು ಬೆಳೆದ ಬದುವಿನ ಒಂದು ಒಣ ಹೆಂಟೆ ತಂದು, ನೀರು ತುಂಬಿದ ಎರಡು ಗಾಜಿನ ಲೋಟದಲ್ಲಿ ಬಿಡಿರಿ. ಯಾವುದು ಮೊದಲು ಕರಗಿ ರಾಡಿಯಾಗುತ್ತದೆ ಎಂಬುದನ್ನು ಮಕ್ಕಳೇ ಹೇಳಲಿ.